ಗಾಲಿಯ ನಟ್ಟು

ಮಠದ ಉಗ್ರಾಣ ನೋಡಿಕೊಳ್ಳುತ್ತಿದ್ದ ಶಿಷ್ಯನೊಬ್ಬ ಗುರುಗಳನ್ನು ಕೇಳಿದ: "ಸ್ವಾಮಿ, ಬೀಗ ಹಾಕಿ ಅಂಗಳ ದಾಟುವಷ್ಟರಲ್ಲಿ ಅನುಮಾನ ಬರುತ್ತದೆ. ಮತ್ತೆ ಹೋಗಿ ಎಳೆದು ನೋಡುತ್ತೇನೆ. ಮೂರು ಸಲ, ನಾಲ್ಕು ಸಲ. ಉಳಿದವರು ನಗುತ್ತಾರೆ. ಎಚ್ಚರ ಹೆಚ್ಚಾದರೆ ತಪ್ಪೇನು?"

ಗುರುಗಳು ಹೇಳಿದರು:

ಒಬ್ಬ ಚಾಲಕನಿದ್ದ. ಬೆಟ್ಟದ ಮೇಲಿನ ಊರುಗಳಿಗೆ ಪಿಕಪ್ ಗಾಡಿಯಲ್ಲಿ ಹಂಚು ಸಾಗಿಸುತ್ತಿದ್ದ. ಒಂದು ದಿನ ಇಳಿಜಾರಿನಲ್ಲಿ ಅವನ ಮುಂದೆ ಹೋಗುತ್ತಿದ್ದ ಗಾಡಿಯ ಗಾಲಿ ಕಳಚಿ, ಗಾಡಿ ಕಂದಕಕ್ಕೆ ಮಗುಚಿತು. ಒಳಗಿದ್ದವನನ್ನು ಹೊರಗೆಳೆದವನು ಇವನೇ. ಆ ಮನುಷ್ಯ ಬದುಕಲಿಲ್ಲ. ಗಾಲಿಯ ನಟ್ಟು ಸಡಿಲವಾಗಿತ್ತು ಎಂದು ನೋಡಿದವರು ಹೇಳಿದರು.

ಇವನು ನೇರವಾಗಿ ಮೆಕ್ಯಾನಿಕ್ ಬಳಿ ಹೋಗಿ ತನ್ನ ಗಾಲಿಗಳನ್ನು ಬಿಗಿ ಮಾಡಿಸಿದ. ಮೆಕ್ಯಾನಿಕ್ ಹತ್ತಿರ ನಟ್ಟು ತಿರುಗಿಸುವ ಅಳತೆಯ ಪಾನಾ ಇತ್ತು. ಸಾಕಷ್ಟು ಬಿಗಿಯಾದ ಕೂಡಲೇ ಅದು ಟಕ್ ಎನ್ನುತ್ತಿತ್ತು.

"ಇನ್ನರ್ಧ ಸುತ್ತು ಹಾಕು," ಎಂದ ಚಾಲಕ.

"ಬೇಡ. ಐವತ್ತು ಕಿಲೋಮೀಟರ್ ಓಡಿಸಿ ಬಾ, ಇನ್ನೊಮ್ಮೆ ನೋಡುತ್ತೇನೆ. ಅಲ್ಲಿಗೆ ಮುಗಿಯಿತು," ಎಂದ ಮೆಕ್ಯಾನಿಕ್.

ಚಾಲಕನಿಗೆ ಸಮಾಧಾನವಾಗಲಿಲ್ಲ. ಮನೆಗೆ ಬಂದವನು ತನ್ನ ಪಾನಾದ ಹಿಡಿಗೆ ಮೂರಡಿ ಕಬ್ಬಿಣದ ಕೊಳವೆ ಸಿಕ್ಕಿಸಿ, ಅದರ ಮೇಲೆ ನಿಂತು ಮೈಭಾರವನ್ನೆಲ್ಲ ಹಾಕಿದ. ನಟ್ಟು ಕಿರುಗುಟ್ಟಿಕೊಂಡು ಒಂದಿಷ್ಟು ತಿರುಗಿತು. ತಿರುಗಿತು ಎಂದರೆ ಸಡಿಲವಿತ್ತು ಎಂದುಕೊಂಡ. ಮರುದಿನ ಬೆಳಿಗ್ಗೆಯೂ ಹಾಗೇ ಮಾಡಿದ. ಆಮೇಲೆ ಅದಿಲ್ಲದೆ ಗಾಡಿ ಹೊರಡಿಸುವುದೇ ಆಗದಾಯಿತು. ದಾರಿಯ ನಡುವೆ ಗಾಡಿ ಸ್ವಲ್ಪ ಅಲುಗಿದರೂ ಇಳಿದು ಗಾಲಿ ಮುಟ್ಟಿ ನೋಡುತ್ತಿದ್ದ.

ಅವನ ಹೆಂಡತಿ ತುಂಬು ಬಸುರಿ. ಒಂದು ಮಧ್ಯಾಹ್ನ ನೋವು ಕಾಣಿಸಿತು. ಅತ್ತೆ ಅವಳನ್ನು ಗಾಡಿಯಲ್ಲಿ ಕೂರಿಸಿ ತಾನೂ ಪಕ್ಕದಲ್ಲಿ ಕೂತಳು. ಆಗಲೂ ಅವನು ನಾಲ್ಕೂ ಗಾಲಿಗಳ ಸುತ್ತ ಕೊಳವೆ ಹಿಡಿದು ಬಂದ ಮೇಲೆಯೇ ಹೊರಟಿದ್ದು.

ಅರ್ಧ ದಾರಿಯಲ್ಲಿ ಮೊಳೆ ಚುಚ್ಚಿ ಟೈರಿನ ಗಾಳಿ ಹೋಯಿತು. ಬೇರೆ ಗಾಲಿ ಗಾಡಿಯಲ್ಲೇ ಇತ್ತು. ಹತ್ತು ನಿಮಿಷದ ಕೆಲಸ. ಆದರೆ ನಟ್ಟು ಜಗ್ಗಲಿಲ್ಲ. ಕೊಳವೆ ಸಿಕ್ಕಿಸಿ ಜೋತುಬಿದ್ದ. ಮೊದಲನೆಯದು ಚೀರಿಕೊಂಡು ಬಂತು. ಎರಡನೆಯದು ಬೋಲ್ಟಿನ ಸಮೇತ ಮುರಿದು ಕೈಗೆ ಬಂತು. ಆರರಲ್ಲಿ ಮೂರು ಮುರಿದವು. ಗಾಡಿಯೊಳಗೆ ಹೆಂಡತಿ ನರಳುತ್ತಿದ್ದಳು. ರಸ್ತೆಯಲ್ಲಿ ಬೇರೆ ಗಾಡಿಯ ಸುಳಿವಿರಲಿಲ್ಲ.

ಉಳಿದ ಮೂರು ಬೋಲ್ಟಿಗೆ ಬೇರೆ ಗಾಲಿ ಏರಿಸಿ, ನಟ್ಟುಗಳನ್ನು ಬರಿಗೈಯಲ್ಲಿ ಆದಷ್ಟು ತಿರುಗಿಸಿದ. ಆಮೇಲೆ ಪಾನಾ ಹಿಡಿದು ಸುಮ್ಮನೆ ಕೂತುಬಿಟ್ಟ. ಬಿಗಿ ಮಾಡಿದರೆ ಇವೂ ಮುರಿಯಬಹುದು. ಬಿಟ್ಟರೆ ಗಾಲಿ ಕಳಚಬಹುದು. ಎಷ್ಟು ಸಾಕು ಎಂಬುದು ಅವನ ಕೈಗೆ ಮರೆತೇಹೋಗಿತ್ತು.

ಹೆಂಡತಿ ಬಾಗಿಲು ತೆರೆದು, "ಸಾಕು ರೀ. ಹತ್ತಿ," ಎಂದಳು.

ಅವನು ಹತ್ತಿದ. ನಡೆಯುವವರ ವೇಗದಲ್ಲಿ ಗಾಡಿ ಬಿಟ್ಟ. ಆಸ್ಪತ್ರೆ ಇನ್ನೂ ಒಂದು ಮೈಲಿ ಇರುವಾಗಲೇ ಅತ್ತೆಯ ಸೆರಗಿನಲ್ಲಿ ಮಗು ಹುಟ್ಟಿತು. ಮಗು ಉಳಿಯಿತು. ರಕ್ತ ಹೋಗಿ ಹೋಗಿ ಬಿಳಿಚಿದ್ದ ತಾಯಿಯನ್ನು ವೈದ್ಯರು ಎರಡು ದಿನ ಕಷ್ಟಪಟ್ಟು ಉಳಿಸಿಕೊಂಡರು. ಇನ್ನು ಅರ್ಧ ಗಂಟೆ ತಡವಾಗಿದ್ದರೆ ಏನೂ ತಮ್ಮ ಕೈಲಿರುತ್ತಿರಲಿಲ್ಲ ಎಂದರು.

ಆಮೇಲೆ ಚಾಲಕ ತಂದುಕೊಟ್ಟ ಮುರಿದ ಬೋಲ್ಟನ್ನು ಮೆಕ್ಯಾನಿಕ್ ಬೆಳಕಿಗೆ ಹಿಡಿದು ನೋಡಿದ. "ಬಿಗಿ ಮಾಡಿದಾಗ ಬೋಲ್ಟು ಕೂದಲೆಳೆಯಷ್ಟು ಹಿಗ್ಗಿ ಗಾಲಿಯನ್ನು ಹಿಡಿಯುತ್ತದೆ. ನೀನು ಅದು ಮತ್ತೆ ಕುಗ್ಗಲಾರದಷ್ಟು ಎಳೆದಿದ್ದೀಯ," ಎಂದ.

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯ ಮೆಲ್ಲಗೆ ಹೇಳಿದ: "ಪಾಪ, ಅವನು ತನ್ನವರನ್ನು ಕಾಪಾಡಬೇಕೆಂದೇ ಅಲ್ಲವೇ ಬಿಗಿ ಮಾಡಿದ್ದು?"

ಗುರುಗಳು ಹೇಳಿದರು: "ಗಾಲಿಗೆ ಬೇಕಾದಷ್ಟು ಬಿಗಿ ಮೊದಲ ದಿನವೇ ಆಗಿತ್ತು, ಆಮೇಲಿನದು ಯಾರಿಗೆ ಬೇಕಾಗಿತ್ತು?"