ಕಮಿಟಿ ಬಂದ ದಿನದ ನೌಕರಿ

"ನಾಳೆ ಕಾಲೇಜು ನೋಡಾಕ ಕಮಿಟಿ ಬರ್ತದ. ನೌಕರಿ ಹಿಡಿದ ನಮ್ಮ ಹಳೇ ವಿದ್ಯಾರ್ಥಿಗಳನ್ನ ಅವರ ಮುಂದ ನಿಲ್ಲಿಸು. ಇಲ್ಲಂದ್ರ ನಿನ್ನ ನೌಕರಿ ಹೋತು ಅಂತ ತಿಳಿ!" ಎಂದು ಪ್ರಿನ್ಸಿಪಾಲ್ ಪಾವಟೆ ಸಾಹೇಬರು ಜವಾನ ದ್ಯಾಮಣ್ಣನಿಗೆ ಗದರಿದರು.

ದ್ಯಾಮಣ್ಣ ಊರೆಲ್ಲ ತಿರುಗಿದ. ಡಿಗ್ರಿ ಮುಗಿಸಿದವರು ಓಣಿಗೊಬ್ಬರು ಸಿಕ್ಕರು, ನೌಕರಿ ಇದ್ದವರು ಸಿಗಲಿಲ್ಲ. ಕಮಿಟಿಯ ಉಪಚಾರಕ್ಕೆ ಹೇಗೂ ಆಳು ಬೇಕಿತ್ತು. ಒಂದು ದಿನದ ಕೂಲಿಗೆ ಆ ಡಿಗ್ರಿಯವರನ್ನೇ ಕರೆದ.

ಮರುದಿನ ಕಮಿಟಿಯ ಅಧ್ಯಕ್ಷರು ಊಟಕ್ಕೆ ಕೂತು ಕೇಳಿದರು, "ಎಲ್ಲಿ ನಿಮ್ಮ ಹಳೇ ವಿದ್ಯಾರ್ಥಿಗಳು?"

ದ್ಯಾಮಣ್ಣ ಕೈ ಮುಗಿದ. "ನಿಮ್ಮ ಕಾರು ಹೊಡಕೊಂಡು ಬಂದಾಂವ ಬಿ.ಕಾಂ. ರೀ. ಗೇಟಿನಾಗ ಸಲ್ಯೂಟ್ ಹೊಡದಾಂವ ಬಿ.ಎಸ್ಸಿ. ಈಗ ಹೋಳಿಗೆ ಬಡಸಾಕತ್ತಾಳಲ್ರೀ ಕಸ್ತೂರಿ, ಅಕಿ ಎಂ.ಎ. ಫಸ್ಟ್ ಕ್ಲಾಸ್."

ಪಾವಟೆ ಸಾಹೇಬರ ಗಂಟಲಲ್ಲಿ ಹೋಳಿಗೆ ಸಿಕ್ಕಿಕೊಂಡಿತು. ಅಧ್ಯಕ್ಷರ ಮುಖ ಮಾತ್ರ ಅರಳಿತು.

"ಸಾರಿಗೆ, ಭದ್ರತೆ, ಆತಿಥ್ಯ! ಎಲ್ಲಾ ಕ್ಷೇತ್ರದಾಗೂ ಅದಾರಲ್ರೀ! ಶಬ್ಬಾಸ್!" ಎಂದು ಇನ್ನೊಂದು ಹೋಳಿಗೆ ಹಾಕಿಸಿಕೊಂಡರು.

ಸಂಜೆ ಕಮಿಟಿಯನ್ನು ಬೀಳ್ಕೊಟ್ಟು ಬಂದ ಸಾಹೇಬರು ದ್ಯಾಮಣ್ಣನ ಬೆನ್ನು ತಟ್ಟಿದರು. ಎಂಜಲೆಲೆ ಎತ್ತುತ್ತಿದ್ದ ಕಸ್ತೂರಿ ಮೆಲ್ಲಗೆ ಕೇಳಿದಳು, "ಸರ್, ಕಮಿಟಿ ಮತ್ತ ಯಾವಾಗ ಬರ್ತದರೀ?"

"ಇನ್ನೈದು ವರ್ಷಕ್ಕ. ಯಾಕವಾ?"

"ಏನಿಲ್ರೀ. ನಮ್ಮ ನೌಕರಿ ಇವತ್ತಿಗೆ ಮುಗೀತಲ್ರೀ, ಅದಕ್ಕ ಕೇಳಿದೆ."