ಯಾರಿಗೆ ಹೊತ್ತು ಬಂತು?

“ಗುರುಗಳೇ, ನಾನು ಬಂದದ್ದು ಯಂತ್ರವಿದ್ಯೆ ಕಲಿಯಲು. ದಿನಾ ಬೆಳಿಗ್ಗೆ ತಂಬೂರಿ ಹಿಡಿಸಿ ಸರಿಗಮ ಹಾಡಿಸುತ್ತೀರಿ. ಅದರಿಂದ ಒಂದು ಚಕ್ರವಾದರೂ ತಿರುಗುತ್ತದೆಯೇ?” ಎಂದು ಶಿಷ್ಯ ಬೊಮ್ಮರಸ ಕೇಳಿದ.

ಗುರುಗಳು ಕೈಯಲ್ಲಿದ್ದ ಉಳಿಯನ್ನು ಕೆಳಗಿಟ್ಟು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಯಂತ್ರಕಾರನಿದ್ದ. ಲೆಕ್ಕದಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಹಾಡು, ಚಿತ್ರ, ಕುಣಿತ ಎಂದರೆ ಮಾತ್ರ ಮೂಗು ಮುರಿಯುತ್ತಿದ್ದ. ಕೆಲಸವಿಲ್ಲದವರ ಕಸುಬು ಎನ್ನುತ್ತಿದ್ದ. ಪಕ್ಕದ ಮನೆಯಲ್ಲಿ ಒಬ್ಬ ವೈಣಿಕನಿದ್ದ. ಅವನು ವೀಣೆ ಎತ್ತಿಕೊಂಡರೆ ಸಾಕು, ಇವನು ಕಿಟಕಿ ಮುಚ್ಚುತ್ತಿದ್ದ.

ಆ ಊರಿನವರಿಗೆ ಹೊತ್ತು ತಿಳಿಯುವ ಸಾಧನವಿರಲಿಲ್ಲ. ಅವರೆಲ್ಲ ಬಂದು ಕೇಳಿಕೊಂಡಾಗ ಯಂತ್ರಕಾರ ಊಟ ನಿದ್ದೆ ಬಿಟ್ಟು ದುಡಿದ. ನೀರಿನಿಂದ ನಡೆಯುವ ಗಡಿಯಾರವೊಂದನ್ನು ತನ್ನ ಮಾಳಿಗೆಯ ಮೇಲೆ ಕಟ್ಟಿದ. ಜಾವಕ್ಕೊಮ್ಮೆ ಸುತ್ತಿಗೆ ತಾನಾಗಿ ಎದ್ದು ಕಂಚಿನ ತಟ್ಟೆಗೆ ಬಡಿಯಬೇಕು. ದನಿ ನೆರೆಯೂರಿಗೂ ಮುಟ್ಟಬೇಕು. ತಟ್ಟೆಯ ತೂಕ, ದಪ್ಪ, ಸುತ್ತಿಗೆಯ ಪೆಟ್ಟು ಎಲ್ಲವನ್ನೂ ಲೆಕ್ಕ ಹಾಕಿದ.

ಮೊದಲ ಬೆಳಿಗ್ಗೆ ಗಡಿಯಾರ ಬಡಿಯಿತು. ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಯಂತ್ರಕಾರನ ಕಣ್ಣು ತುಂಬಿ ಬಂತು. ಊರಿನವರ ಕಣ್ಣೂ ತುಂಬಿ ಬಂತು. ಏಕೆಂದರೆ ಆ ದನಿ ಥೇಟ್ ಹೆಣದ ಮುಂದೆ ಬಾರಿಸುವ ಜಾಗಟೆಯದೇ ಆಗಿತ್ತು. ಒಲೆ ಆರಿಸಿ, ನೇಗಿಲು ಬಿಟ್ಟು ಜನ ಅವನ ಮನೆಗೆ ಓಡಿಬಂದರು. ಇಬ್ಬರಂತೂ ಚಟ್ಟಕ್ಕೆ ಬಿದಿರು ಕಡಿದೇ ತಂದಿದ್ದರು.

“ಏನೂ ಆಗಿಲ್ಲ. ಹೊತ್ತು ಬಂತು, ಅಷ್ಟೇ!” ಎಂದು ಯಂತ್ರಕಾರ ಕೂಗಿದ.

“ಅದು ಕೇಳಿಸಿತಪ್ಪ. ಯಾರಿಗೆ ಬಂತು, ಹೇಳು” ಎಂದ ಊರಗೌಡ, ರುಮಾಲು ತೆಗೆದು.

ಅಷ್ಟರಲ್ಲಿ ನೆರೆಯೂರಿನಿಂದ ಯಂತ್ರಕಾರನ ಅತ್ತೆ ಎದೆ ಬಡಿದುಕೊಳ್ಳುತ್ತ ಬಂದಳು. ಅಳಿಯ ನೆಟ್ಟಗೆ ನಿಂತಿರುವುದನ್ನು ಕಂಡು, “ಅಯ್ಯೋ ಅಳಿಯಂದಿರೇ, ನೀವಲ್ಲವೇ ಹೋದದ್ದು? ದಾರಿಯುದ್ದಕ್ಕೂ ಅತ್ತದ್ದು ದಂಡವಾಯಿತಲ್ಲ!” ಎಂದಳು.

ಮುಂದಿನ ಜಾವಕ್ಕೆ ಅದು ಮತ್ತೆ ಬಡಿಯಿತು. ಮದುವೆಯ ಚಪ್ಪರದಲ್ಲಿ ತಾಳಿ ಹಿಡಿದಿದ್ದ ವರ ಅದನ್ನು ಕೈಬಿಟ್ಟ. ಸಂಜೆಯೊಳಗೆ ಊರಿನವರು ಮಾಳಿಗೆ ಹತ್ತಿ ಸುತ್ತಿಗೆಗೆ ಹರಕು ಕಂಬಳಿ ಸುತ್ತಿದರು. ಗಡಿಯಾರ ಸರಿಯಾಗಿ ನಡೆಯುತ್ತಲೇ ಇತ್ತು. ಯಾರಿಗೂ ಕೇಳಿಸುತ್ತಿರಲಿಲ್ಲ.

ಯಂತ್ರಕಾರ ಲೆಕ್ಕವನ್ನು ಮತ್ತೆ ಮತ್ತೆ ಪರೀಕ್ಷಿಸಿದ. ತಪ್ಪು ಸಿಗಲಿಲ್ಲ. ಸಿಕ್ಕಿದ್ದರೆ ಅವನಿಗೆ ಇಷ್ಟು ಸಂಕಟವಾಗುತ್ತಿರಲಿಲ್ಲ. ಕೊನೆಗೆ ನಾಚಿಕೆ ಬಿಟ್ಟು ವೈಣಿಕನ ಬಾಗಿಲು ತಟ್ಟಿದ. ಅವನೆದುರು ಕುಳಿತು ಸ್ವರ ಕಲಿಯತೊಡಗಿದ. ಈಗ ಕಿಟಕಿ ಮುಚ್ಚುವ ಸರದಿ ಇಡೀ ಬೀದಿಯದಾಯಿತು. ಕೋಣ ಕೂಗಿದಂತಿದ್ದ ಆ ಕಂಠಕ್ಕೆ ಹಾಡು ಒಲಿಯಲೇ ಇಲ್ಲ. ಆದರೆ ದಿನ ಕಳೆದಂತೆ ಕಿವಿ ತೆರೆಯಿತು. ತನ್ನ ತಟ್ಟೆಯನ್ನು ತಾನೇ ಒಮ್ಮೆ ಬಡಿದು ಕೇಳಿ, ಬೆಚ್ಚಿಬಿದ್ದ. ಅದನ್ನು ಕರಗಿಸಿ ಗಂಟೆಯಾಗಿ ಎರಕ ಹೊಯ್ದ. ಅದು ನುಡಿದಾಗ ಹೊಲದಲ್ಲಿದ್ದವರು ತಲೆಯೆತ್ತಿ ಕೇಳಿ, ನಕ್ಕು, ಮತ್ತೆ ಕೆಲಸಕ್ಕೆ ಬಗ್ಗಿದರು.

ಕತೆ ಕೇಳಿ ಬೊಮ್ಮರಸ ಹೊಟ್ಟೆ ಹಿಡಿದು ನಕ್ಕ. ಆಮೇಲೆ, “ಆದರೂ ಅವನು ದಡ್ಡ, ಗುರುಗಳೇ. ಮೊದಲೇ ವೈಣಿಕನನ್ನು ಒಂದು ಮಾತು ಕೇಳಿದ್ದರೆ ಆಗುತ್ತಿತ್ತು. ತಾನೇ ಏಕೆ ಕಲಿಯಬೇಕಿತ್ತು?” ಎಂದ.

ಗುರುಗಳು ಉಳಿಯನ್ನು ಎತ್ತಿಕೊಂಡು ಹೇಳಿದರು:

“ಕೇಳಬೇಕು ಎಂದು ತೋಚುವುದಕ್ಕೂ ಕಿವಿ ಬೇಕಲ್ಲವೇ, ಮಗು?”