ಎಡಗಿವಿಯ ಗುರುತು

"ಉಪದೇಶಿಗಳೇ, ಏನೂ ತಿಳಿಯದ ಹಸುಗೂಸಿಗೆ ತಂದೆತಾಯಿ ದೀಕ್ಷಾಸ್ನಾನ ಕೊಡಿಸಬೇಕೇ?" ಎಂದು ಎಲ್ಕಾನ ಕೇಳಿದ.

ಆರಾಧನೆ ಮುಗಿದಿತ್ತು. ಉಪದೇಶಿ ಯೋತಾಮಪ್ಪನವರು ಚರ್ಚಿನ ಜಗಲಿಯ ಮೇಲೆ ಕೂತಿದ್ದರು. ಒಳಗೆ ನಾವು ಮೂವರು ಹೆಂಗಸರು ಚಾಪೆ ಸುತ್ತುತ್ತಿದ್ದೆವು. ಪ್ರಶ್ನೆ ಕಿವಿಗೆ ಬಿದ್ದದ್ದೇ ತಡ, ಸುತ್ತಿದ ಚಾಪೆಯನ್ನು ಬಿಚ್ಚಿ ಮತ್ತೆ ಮೊದಲಿನಿಂದ ಸುತ್ತತೊಡಗಿದೆವು.

ಎಲ್ಕಾನ ಬರಿಗೈಯಲ್ಲಿ ಬಂದಿರಲಿಲ್ಲ, ವಚನಗಳನ್ನು ಹುಡುಕಿಕೊಂಡೇ ಬಂದಿದ್ದ. ಮೊದಲು ನಂಬಿಕೆ, ಆಮೇಲೆ ನೀರು. ಎರಡು ತಿಂಗಳ ಕೂಸು ಏನು ನಂಬೀತು. ದೊಡ್ಡವಳಾಗಿ ತಾನೇ ಬಾಯಿಬಿಟ್ಟು ಕೇಳಲಿ ಎಂದ. ಕೇಳಲು ಚೆಂದವೇ. ಹಾಗೆ ಮನಸಾರೆ ಕಾಯುವ ಮನೆಗಳೂ ಇವೆ, ಅವರ ತಂಟೆ ನಮಗೆ ಬೇಡ. ಆದರೆ ಇದೇ ಎಲ್ಕಾನ ಹೋದ ತಿಂಗಳು ತನ್ನ ಮಗಳ ದೀಕ್ಷಾಸ್ನಾನಕ್ಕೆ ಭಾನುವಾರ ಗೊತ್ತುಮಾಡಿ, ಬೇಕರಿಯವನಿಗೆ ಕೇಕೂ ಹೇಳಿದ್ದ. ಆಗ ಕೂಸಿಗೆ ನಂಬಿಕೆ ಇತ್ತೇ?

ಒಳಗಿನ ಸಂಗತಿ ಬೇರೆಯೇ ಇತ್ತು. ನಮ್ಮ ಸಭೆಯಲ್ಲಿ ಹಿಂದಿನಿಂದ ಬಂದ ರೂಢಿ ಒಂದಿದೆ. ಬಾಗಿಲಿನಿಂದ ದೀಕ್ಷಾಸ್ನಾನದ ಕಲ್ಲುಬಟ್ಟಲಿನ ತನಕ ಕೂಸನ್ನು ಎತ್ತಿಕೊಂಡು ನಡೆಯುವವಳು ತಾಯಿಯ ತಾಯಿ. ಈ ಕೂಸಿಗೆ ಅವಳು ಎಲ್ಕಾನನ ಅತ್ತೆ ತಬಿಥಮ್ಮ. ಆಸ್ಪತ್ರೆಯಲ್ಲಿ ಮೂವತ್ತು ವರ್ಷ ರೋಗಿಗಳ ಬೆಡ್‌ಪ್ಯಾನ್ ತೊಳೆದವಳು. ಎಲ್ಕಾನ ಈಗ ಹೈಸ್ಕೂಲಿನ ದೊಡ್ಡ ಮೇಷ್ಟರು. ನಮ್ಮತ್ತೆ ಆಸ್ಪತ್ರೆಯಲ್ಲಿ ದೊಡ್ಡ ಹುದ್ದೆಯಲ್ಲಿದ್ದರು ಎಂದು ಶಾಲೆಯಲ್ಲಿ ಹೇಳಿಕೊಂಡಿದ್ದಾನೆ. ದೀಕ್ಷಾಸ್ನಾನಕ್ಕೆ ನಾವೆಲ್ಲ ಬರುತ್ತೇವೆ ಎಂದು ಅಲ್ಲಿನವರು ಅಂದ ದಿನದಿಂದಲೇ ಇವನಿಗೆ ವಚನಗಳು ಕಾಣಿಸತೊಡಗಿದವು. ಅತ್ತ ತಬಿಥಮ್ಮ ಕೂಸಿಗೆ ಬಿಳಿ ಅಂಗಿ ಹೊಲಿದು, ಲೇಸು ಹಚ್ಚಿ, ಬೀದಿಗೆಲ್ಲ ತೋರಿಸಿಯಾಗಿತ್ತು.

ಯೋತಾಮಪ್ಪನವರು ಎಲ್ಲ ಕೇಳಿದರು. "ಕೂತುಕೋ" ಎಂದರು. ಬೈದ ಹಾಗೆ ಕೇಳಿಸಿತು. ಆಮೇಲೆ ಒಂದು ಕತೆ ಹೇಳತೊಡಗಿದರು.

ಒಂದು ಹಟ್ಟಿಯಲ್ಲಿ ಒಬ್ಬ ಕುರುಬನಿದ್ದ. ಆ ಸೀಮೆಯಲ್ಲಿ ಮರಿ ಹುಟ್ಟಿದ ಒಂಬತ್ತನೆಯ ದಿನ ಅದರ ಎರಡೂ ಕಿವಿಯಲ್ಲಿ ಗುರುತು ಕೊಯ್ಯುತ್ತಿದ್ದರು. ಬಲಗಿವಿಗೆ ಸಾಕುವ ಮನೆಯ ಗುರುತು. ಎಡಗಿವಿಗೆ ತಾಯಿಕುರಿ ಯಾವ ಮನೆಯಿಂದ ಬಂತೋ ಆ ಮನೆಯ ಗುರುತು. ಒಂದು ಕಿವಿ ಕೊಯ್ದು ಇನ್ನೊಂದನ್ನು ಬಿಡುವಂತಿರಲಿಲ್ಲ.

ಕುರುಬ ತನ್ನ ತಾಯಿಕುರಿಯನ್ನು ದೂರದ ಸಂತೆಯಿಂದ ತಂದೆನೆಂದು ಹೇಳಿಕೊಂಡಿದ್ದ. ಅದನ್ನು ಕೊಟ್ಟವಳು ಅವನ ಅತ್ತೆ. ಅವಳು ಕಂಡವರ ದೊಡ್ಡಿಯಲ್ಲಿ ಹಿಕ್ಕೆ ಬಳಿದು ಬದುಕಿದವಳು. ಕುರಿ ಮನೆಗೆ ಬಂದ ದಿನವೇ ಅವನು ಅದರ ಕಿವಿಯನ್ನು ಅವಳ ಗುರುತಿನ ಸಮೇತ ಕತ್ತರಿಸಿ, ನಾಯಿ ಕಚ್ಚಿತು ಎಂದಿದ್ದ.

ಆ ಕುರಿ ಒಂದು ಮರಿ ಹಾಕಿತು. ಒಂಬತ್ತನೆಯ ದಿನ ಕಳೆಯಿತು. ಕುರುಬ ಕತ್ತಿ ಹಿಡಿಯಲಿಲ್ಲ.

ನೆರೆಯ ಮುದುಕ ಯಾಕೆಂದು ಕೇಳಿದ.

"ತಾನು ಯಾರದೆಂದು ಮರಿಗೇನು ಗೊತ್ತು? ಬೆಳೆದ ಮೇಲೆ ತನ್ನ ದೊಡ್ಡಿಯನ್ನು ತಾನೇ ಆರಿಸಿಕೊಳ್ಳಲಿ" ಎಂದ ಕುರುಬ.

"ಗುರುತು ಇರುವುದು ಮರಿ ಓದಲಿ ಅಂತಲ್ಲಪ್ಪ. ಅದು ಕಳೆದ ದಿನ ನಾವು ಓದಲಿ ಅಂತ" ಎಂದ ಮುದುಕ.

ಕುರುಬ ನಕ್ಕ. ಹಟ್ಟಿಯಲ್ಲಿ ಕೆಲವರು, ಎಂಥ ದೊಡ್ಡ ಮನಸ್ಸು ಇವನದು ಎಂದರು. ಅವನಿಗೂ ಹಾಗೇ ಅನ್ನಿಸಿತು.

ಇಲ್ಲಿಗೆ ಎಲ್ಕಾನ ಕೈಗಡಿಯಾರ ನೋಡಿಕೊಂಡ. ಯೋತಾಮಪ್ಪನವರು ಕತೆ ನಿಲ್ಲಿಸಲಿಲ್ಲ.

ಸುಗ್ಗಿ ಮುಗಿದ ಮೇಲೆ ಐದು ಹಟ್ಟಿಯ ಹಿಂಡುಗಳು ಕೊಯ್ದ ಹೊಲಗಳಲ್ಲಿ ಒಂದಾಗಿ ಮೇದವು. ಬೇರೆಯಾಗುವ ದಿನ ಹಿರಿಯನೊಬ್ಬ ದಾರಿಗಡ್ಡ ನಿಂತು ಒಂದೊಂದರ ಕಿವಿ ನೋಡಿ ಬಿಟ್ಟ. ಗುರುತಿಲ್ಲದ ಮರಿಯನ್ನು ತಡೆದ. ಅಂಥ ಮರಿಗೂ ಒಂದು ದಾರಿಯಿತ್ತು. ಎರಡೂ ಮನೆಯವರು ಜೊತೆಗೆ ಅದರ ಮೇಲೆ ಕೈಯಿಟ್ಟು, ನಮ್ಮದು ಎನ್ನಬೇಕು. ಎನ್ನದಿದ್ದರೆ ಅದು ಬೇವಾರಸು. ಆ ದಿನದ ಊಟಕ್ಕೆ ಅದನ್ನೇ ಕಡಿಯುತ್ತಿದ್ದರು.

ತಾಯಿಕುರಿ ಆಚೆ ಬದಿಯಲ್ಲಿ ಅರಚುತ್ತಿತ್ತು. ಮರಿ ಈಚೆಯಿಂದ ಅರಚುತ್ತಿತ್ತು.

ಹಿಕ್ಕೆ ಬಳಿಯುತ್ತಿದ್ದ ಮುದುಕಿಯೊಬ್ಬಳು ಬುಟ್ಟಿ ಕೆಳಗಿಟ್ಟು ಬಂದಳು. ಕೈಯನ್ನು ಸೀರೆಗೆ ಒರೆಸಿಕೊಂಡು ಮರಿಯ ಬೆನ್ನ ಮೇಲಿಟ್ಟಳು. "ಅಳಿಯಂದಿರೇ, ನಿಮ್ಮ ಕೈಯೂ ಇಡಿ. ಆಮೇಲೆ ನನ್ನನ್ನು ಮಾತಾಡಿಸದಿದ್ದರೂ ಸರಿ" ಎಂದಳು.

ಐದು ಹಟ್ಟಿಯವರು ನೋಡುತ್ತಿದ್ದರು. ಕುರುಬ ಆ ಕೈಯನ್ನು ನೋಡಿದ. ಅದರ ಉಗುರಿನ ಸಂದಿಯನ್ನು ನೋಡಿದ.

"ಈ ಮುದುಕಿ ಯಾರೋ, ನನಗೆ ಗೊತ್ತಿಲ್ಲ" ಎಂದ.

ಮರಿಯನ್ನು ಕಡಿದರು. ಐದು ಹಟ್ಟಿಯವರು ಸಾಲಾಗಿ ಕೂತು ಉಂಡರು. ಕುರುಬನೂ ಕೂತ. ಎರಡನೆಯ ಸಲ ಬಡಿಸಲು ಬಂದಾಗ ಬೇಡವೆನ್ನಲೂ ಇಲ್ಲ. ಬೇಡವೆಂದರೆ ಯಾಕೆಂದು ಕೇಳುತ್ತಿದ್ದರಲ್ಲ.

ಕತೆ ಮುಗಿಯಿತು. ಒಳಗೆ ನಮ್ಮ ಕೈಯಲ್ಲಿ ಚಾಪೆ ಹಾಗೇ ನಿಂತಿತ್ತು. ಎಲ್ಕಾನನ ಮುಖ ಕೆಂಪೇರಿತ್ತು. ಕತೆ ಚೆನ್ನಾಗಿದೆ, ಆದರೆ ಕುರಿಮರಿ ಬೇರೆ, ಮಕ್ಕಳು ಬೇರೆ, ತಾನು ಕೇಳಿದ್ದು ನಂಬಿಕೆಯ ಮಾತು ಎಂದು ಸಣ್ಣ ದನಿಯಲ್ಲಿ ಅಂದ. ಅನ್ನುತ್ತಾ ಚಪ್ಪಲಿಗೆ ಕಾಲು ತೂರಿಸಿದ.

ಯೋತಾಮಪ್ಪನವರು ಎದ್ದು ನಿಂತರು. ಎಂಬತ್ತು ದಾಟಿದ ಮನುಷ್ಯ, ಸಿಟ್ಟಿಗೆ ಕೋಲನ್ನು ಜಗಲಿಗೆ ಕುಟ್ಟಿದರು.

"ಕೂಸಿಗೆ ನಂಬಿಕೆ ಬರುವ ತನಕ ಬೇಕಾದರೆ ಕಾಯೋಣ, ಎಲ್ಕಾನಾ. ಆದರೆ ತಬಿಥಮ್ಮನ ಕೈ ನಿನ್ನ ಕಣ್ಣಿಗೆ ಶುದ್ಧವಾಗುವುದು ಯಾವ ಭಾನುವಾರ, ಅದೊಂದು ಹೇಳಿ ಹೋಗು."